ಮೂವತ್ತಾರು ವರ್ಷ ಬೆನ್ನು ಹತ್ತಿದ ಗ್ರಹಣ

1980ರ ಫೆಬ್ರವರಿ 16, ಶನಿವಾರ. ಗದಗಿನ ಸಮೀಪದ ನಮ್ಮೂರಿನ ಮೇಲೆ ಖಗ್ರಾಸ ಸೂರ್ಯಗ್ರಹಣದ ನೆರಳು ಹಾದುಹೋದಾಗ ನನಗೆ ಹತ್ತು ವರ್ಷ. ಅಂದು ನಾನು ನೋಡಿದ್ದು ಸೂರ್ಯನನ್ನಲ್ಲ, ಒನಕೆಯನ್ನು. ನೀರು ತುಂಬಿದ ಹಿತ್ತಾಳೆಯ ಹರಿವಾಣದಲ್ಲಿ ಅಜ್ಜಿ ಅದನ್ನು ನೆಟ್ಟಗೆ ನಿಲ್ಲಿಸಿದ್ದರು. ಅದು ಬಿದ್ದಾಗ ಗ್ರಹಣ ಬಿಟ್ಟಿತು ಎಂದು ಲೆಕ್ಕ. ಕಿಟಕಿ ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿದ್ದರು. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಬಾಗಿಲ ಸಂದಿನ ಬೆಳಕಿನ ಗೆರೆ ಸಣ್ಣಗಾಗುತ್ತ ಆರಿಹೋಯಿತು. ಹೊರಗೆ ಕಾಗೆಗಳು ಸಂಜೆ ಮರ ಸೇರುವಾಗಿನಂತೆ ಗದ್ದಲ ಎಬ್ಬಿಸಿದವು, ಮತ್ತೆ ಸುಮ್ಮನಾದವು. ಸುಮಾರು ಎರಡೂವರೆ ನಿಮಿಷ. ಅದೇ ಹೊತ್ತಿನಲ್ಲಿ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ವಿಜ್ಞಾನಿಗಳು ದೂರದರ್ಶಕಗಳನ್ನು ಹೂಡಿಕೊಂಡು ನಿಂತಿದ್ದರು ಎಂದು ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಆ ದಿನ ನನಗೆ ಊಟ ಸೇರಲಿಲ್ಲ.

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸತೊಡಗಿದ ಮೇಲೆ ಈ ಗ್ರಹಣದ ಲೆಕ್ಕವನ್ನು ಕೈಯಾರೆ ಮಾಡಿ ನೋಡಬೇಕೆನಿಸಿತು. ಸೂರ್ಯನ ವ್ಯಾಸ ಚಂದ್ರನದಕ್ಕಿಂತ 400 ಪಟ್ಟು, ದೂರವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು. ಹಾಗಾಗಿ ಎರಡೂ ಒಂದೇ ಗಾತ್ರ ಕಾಣುತ್ತವೆ ಎಂದು ಪಾಠದಲ್ಲಿ ಹೇಳಿ ಮುಗಿಸುತ್ತೇವೆ. ನಾನು ಒಂದು ಸೆಂಟಿಮೀಟರ್ ವ್ಯಾಸದ ಕಪ್ಪು ಕಾಗದದ ಚುಕ್ಕಿ ಕತ್ತರಿಸಿ ಗಾಜಿನ ತುಂಡಿಗೆ ಅಂಟಿಸಿದೆ. ಹುಣ್ಣಿಮೆಯ ರಾತ್ರಿ ಒಂದು ಕಣ್ಣು ಮುಚ್ಚಿ, ಚುಕ್ಕಿ ಚಂದ್ರನನ್ನು ಸರಿಯಾಗಿ ಮುಚ್ಚುವವರೆಗೆ ಹಿಂದೆ ಸರಿಯುವುದು. ಕಣ್ಣಿಗೂ ಗಾಜಿಗೂ ನಡುವಿನ ಅಂತರವನ್ನು ಹೆಂಡತಿ ಟೇಪು ಹಿಡಿದು ಅಳೆಯುವುದು. ಒಂದು ವರ್ಷ ಹೀಗೆ ಮಾಡಿದೆವು. ಚಂದ್ರ ಹತ್ತಿರವಿದ್ದ ತಿಂಗಳು 103 ಸೆಂಟಿಮೀಟರ್, ದೂರವಿದ್ದ ತಿಂಗಳು 117ರ ಸುಮಾರು.

ಸೂರ್ಯನನ್ನು ಹೀಗೆ ಅಳೆಯಲು ಹೋಗಬಾರದು, ಕಣ್ಣು ಹೋಗುತ್ತದೆ. ಕೋಣೆ ಕತ್ತಲು ಮಾಡಿ, ಕಿಟಕಿಗೆ ಕಟ್ಟಿದ ರಟ್ಟಿನಲ್ಲಿ ಸೂಜಿಯ ತೂತು ಮಾಡಿದೆ. ನಾಲ್ಕು ಮೀಟರ್ ದೂರದಲ್ಲಿ ಬಿದ್ದ ಬಿಂಬ 37 ಮಿಲಿಮೀಟರ್. ಅಂದರೆ ನನ್ನ ಚುಕ್ಕಿಗೆ 108 ಸೆಂಟಿಮೀಟರ್. ವರ್ಷವಿಡೀ ಅದು 106ರಿಂದ 109ರೊಳಗೇ ಇರುತ್ತದೆ. ನೋಟ್‌ಬುಕ್ಕಿನಲ್ಲಿ ಎರಡೂ ಸಾಲುಗಳನ್ನು ಪಕ್ಕಪಕ್ಕ ಬರೆದಾಗ ಮೈ ಜುಮ್ಮೆಂದಿತು. 103ರಿಂದ 117ರವರೆಗೆ ಓಲಾಡುವ ಚಂದ್ರನ ದಾರಿಯ ಒಳಗೇ ಸೂರ್ಯ ಸಿಕ್ಕಿಕೊಂಡಿದೆ! ಚಂದ್ರನ ಅಂಕಿ ಸೂರ್ಯನದಕ್ಕಿಂತ ಕಡಿಮೆಯಿದ್ದರೆ ಖಗ್ರಾಸ, ಹೆಚ್ಚಿದ್ದರೆ 2019ರ ಡಿಸೆಂಬರ್ 26ರಂದು ಮಂಗಳೂರಿನಲ್ಲಿ ಕಂಡಂಥ ಕಂಕಣ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದೆ. ಸುಮಾರು 60 ಕೋಟಿ ವರ್ಷ ಕಳೆದರೆ ಕಂಕಣ ಮಾತ್ರ ಉಳಿಯುತ್ತದೆ. ಖಗ್ರಾಸವನ್ನು ನೋಡುವ ಕಣ್ಣುಗಳು ಅದು ಇರುವ ಕಾಲದಲ್ಲೇ ಹುಟ್ಟಿವೆ. ಇದಕ್ಕೆ ಕಾರಣ ಹುಡುಕಿ ನಾನು ಸೋತಿದ್ದೇನೆ, ಕಾಕತಾಳೀಯವೆಂದೇ ಒಪ್ಪಿಕೊಂಡಿದ್ದೇನೆ.

ನನಗೆ ತಪ್ಪಿಹೋದ ಗ್ರಹಣ ಮರಳಿ ಬರುತ್ತದೆ ಎಂದು ಗೊತ್ತಾದದ್ದು ಸಾರೋಸ್ ಚಕ್ರದ ಬಗ್ಗೆ ಓದುವಾಗ. 18 ವರ್ಷ, 11 ದಿನ, 8 ಗಂಟೆಗೊಮ್ಮೆ ಸೂರ್ಯ, ಚಂದ್ರ, ಭೂಮಿಗಳು ಬಹುತೇಕ ಅದೇ ಸ್ಥಾನಗಳಿಗೆ ಬರುತ್ತವೆ, ಚಂದ್ರನ ದೂರವೂ ಹೆಚ್ಚುಕಡಿಮೆ ಅಷ್ಟೇ. ಆ ಎಂಟು ಗಂಟೆಯಲ್ಲಿ ಭೂಮಿ ಮೂರನೇ ಒಂದು ಸುತ್ತು ತಿರುಗಿರುವುದರಿಂದ ನೆರಳು ಬೇರೆ ದೇಶದ ಮೇಲೆ ಬೀಳುತ್ತದೆ. 1980ರ ಗ್ರಹಣ 1998ರಲ್ಲಿ ಕೆರಿಬಿಯನ್ ದ್ವೀಪಗಳಿಗೆ ಬಂದಾಗ ನನ್ನ ಕೈಯಲ್ಲಿ ಕಾಸಿರಲಿಲ್ಲ. 2016ರ ಮಾರ್ಚ್ 9ರಂದು ಇಂಡೋನೇಷ್ಯಾಕ್ಕೆ ಬಂದಾಗ ಭವಿಷ್ಯನಿಧಿಯಿಂದ ಹಣ ತೆಗೆದು ಹೊರಟೆ. ಗರಿಷ್ಠ ಅವಧಿ 1980ರಲ್ಲಿ 4 ನಿಮಿಷ 8 ಸೆಕೆಂಡ್, 2016ರಲ್ಲಿ 4 ನಿಮಿಷ 9 ಸೆಕೆಂಡ್. ನನಗೆ ಅದು ಪರಿಚಿತರ ಮುಖ ನೋಡಿದಂತಿತ್ತು.

ಸುಲಾವೆಸಿ ದ್ವೀಪದ ಪಾಲು ನಗರ. ಕ್ಯಾಮೆರಾ ಬೇಡವೆಂದು ಮೊದಲೇ ನಿಶ್ಚಯಿಸಿದ್ದೆ. ಸಿಗುವ ಎರಡು ನಿಮಿಷವನ್ನು ಗುಂಡಿ ಒತ್ತುತ್ತ ಕಳೆಯಲು ಮನಸ್ಸಿರಲಿಲ್ಲ. ನೆಲಕ್ಕೆ ಬಿಳಿ ಪಂಚೆ ಹಾಸಿದೆ. ಬೆಳಿಗ್ಗೆ ಎಂಟೂವರೆ ಸಮೀಪಿಸುತ್ತಿದ್ದಂತೆ ಬಿಸಿಲಿನ ಬಣ್ಣ ಮಂಕಾಗಿ, ನೆರಳುಗಳ ಅಂಚು ಬ್ಲೇಡಿನಷ್ಟು ಚೂಪಾಯಿತು; ನನ್ನ ಕೈಯ ರೋಮಗಳ ನೆರಳು ಪಂಚೆಯ ಮೇಲೆ ಒಂದೊಂದಾಗಿ ಕಂಡಿತು. ಆಮೇಲೆ ಪಂಚೆಯ ಮೇಲೆ ತೆಳ್ಳಗಿನ ಪಟ್ಟೆಗಳು, ಕೆರೆಯ ತಳದಲ್ಲಿ ಅಲೆಯ ನೆರಳು ಹರಿದಂತೆ. ಪಡುವಣ ಗುಡ್ಡಗಳ ಕಡೆಯಿಂದ ಕತ್ತಲು ನುಗ್ಗಿ ಬಂತು. ವಜ್ರದ ಹರಳಿನಂಥ ಒಂದೇ ಬಿಂದು ಹೊಳೆದು ಆರಿತು. ಗ್ರಹಣದ ಕನ್ನಡಕ ತೆಗೆದೆ. ಬರಿಗಣ್ಣಿನಿಂದ ನೋಡಬಹುದಾದದ್ದು ಈ ಪೂರ್ಣಗ್ರಾಸದ ಹೊತ್ತಿನಲ್ಲಿ ಮಾತ್ರ. ಕಪ್ಪು ಬಿಂಬ, ಅದರ ಸುತ್ತ ಬೆಳ್ಳಿಯ ಪ್ರಭಾವಳಿ, ಅಂಚಿನಲ್ಲಿ ಕುಂಕುಮದ ಕಿಡಿಗಳು, ಬದಿಗೆ ಶುಕ್ರ. ಉಸಿರು ಕಟ್ಟಿತು. ಅಜ್ಜಿಯ ಹರಿವಾಣದ ನೀರು ನೆನಪಾಗಿ ಕಣ್ಣು ಮಂಜಾಯಿತು. ಒರೆಸಿಕೊಳ್ಳುವುದರಲ್ಲಿ ಒಂದೆರಡು ಸೆಕೆಂಡು ಹೋಯಿತು.

ಮೂರು ಸಾರೋಸ್ ಸೇರಿದರೆ 54 ವರ್ಷ, ಒಂದು ತಿಂಗಳ ಮೇಲೆ ಚೂರು. ಆಗ ಭೂಮಿಯ ಸುತ್ತೂ ಪೂರ್ತಿಯಾಗಿ ನೆರಳು ನಮ್ಮ ಕಡೆಗೇ ಮರಳುತ್ತದೆ: 2034ರ ಮಾರ್ಚ್ 20, ಲಡಾಖ್. ನನಗಾಗ 64 ವರ್ಷ. ಗಾಜಿನ ತುಂಡು ಇನ್ನೂ ಕಪಾಟಿನಲ್ಲಿದೆ. ಕಳೆದ ಹುಣ್ಣಿಮೆಗೆ ಅಳೆದಾಗ 112 ಬಂತು.