ಗುಡಿಯ ಜಗಲಿಯಿಂದ ಬಾಡಿಗೆ ಕೋಣೆಗೆ

ದೇವಸ್ಥಾನದ ಜಗಲಿ, ಚರ್ಚಿನ ಮೆಟ್ಟಿಲು, ದರ್ಗಾದ ಅಂಗಳದಲ್ಲಿ ರಾತ್ರಿ ಕಳೆಯುವವರಿಗೆ ಒಂದು ಹೊತ್ತಿನ ಊಟ ಸಿಗುವುದು ನಮ್ಮ ಊರುಗಳಲ್ಲಿ ಅಷ್ಟು ಕಷ್ಟವಲ್ಲ. ಮಠದ ದಾಸೋಹವಿದೆ, ಗುರುದ್ವಾರದ ಲಂಗರ್ ಇದೆ, ಇಂದಿರಾ ಕ್ಯಾಂಟೀನ್ ಇದೆ. ಜೊತೆಗೆ ಕಚೇರಿಗೆ ಬರುವವರು, ಮನೆ ಮಾಲೀಕರ ಮುಂದೆ ‘ಇವರು ನಮಗೆ ಗೊತ್ತಿರುವವರು’ ಎನ್ನುವವರು ಮಾತ್ರ ಸಿಗುವುದಿಲ್ಲ. ಭಜನಾ ಮಂಡಳಿ, ಮಸೀದಿ ಸಮಿತಿ, ಚರ್ಚಿನ ಬಳಗ ಮಾಡಬೇಕಾದ ಕೆಲಸ ಇದು. ಸೂರಿಲ್ಲದ ಒಬ್ಬೊಬ್ಬರಿಗೂ ನಿಮ್ಮಲ್ಲಿ ಇಬ್ಬರನ್ನು ಗೊತ್ತುಮಾಡಿ, ಆರು ತಿಂಗಳಾದರೂ ಅವರೇ ಇರಲಿ. ವಾರಕ್ಕೊಬ್ಬರು ಬಂದು ಮೊದಲಿನಿಂದ ವಿಚಾರಿಸಿದರೆ ಯಾರಿಗೂ ನಂಬಿಕೆ ಹುಟ್ಟುವುದಿಲ್ಲ.

ನಿಂತುಕೊಂಡು ಮಾತಾಡಿಸಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ. ಫೋಟೋ ಬೇಡವೇ ಬೇಡ. ಮನೆ ಯಾಕೆ ಬಿಟ್ಟಿರಿ ಎಂದು ಕೆದಕಬೇಡಿ. ಹೆಸರು, ಗಾಯವಿದೆಯೇ, ಯಾವ ಮಾತ್ರೆ ನುಂಗುತ್ತಿದ್ದಾರೆ, ಯಾವ ಕೆಲಸ ಬರುತ್ತದೆ, ಮೊದಲಿಗೆ ಇಷ್ಟು ಸಾಕು. ಬೀದಿಯಲ್ಲಿ ಮಲಗುವವರು ಚೀಲದ ಜೊತೆ ಚಪ್ಪಲಿಯನ್ನೂ ತಲೆಯಡಿ ಇಟ್ಟುಕೊಳ್ಳುತ್ತಾರೆ, ಅಷ್ಟು ಕಳ್ಳತನದ ಭಯ. ಕಾಗದಪತ್ರಗಳೂ ಹೀಗೇ ಹೋಗುತ್ತವೆ, ಉಳಿದವು ಮಳೆಯಲ್ಲಿ ನೆನೆಯುತ್ತವೆ. ಸಿಕ್ಕ ಪ್ರತಿ ಕಾಗದದ ಜೆರಾಕ್ಸ್ ಸಮಿತಿಯ ಬೀರುವಿನಲ್ಲಿರಲಿ. ಅಸಲು ಅವರ ಕೈಯಲ್ಲೇ ಇರಬೇಕು.

ಮೊದಲು ಆಧಾರ್. ಕಾರ್ಡ್ ಕಳೆದುಕೊಂಡವರಿಗೆ ಹೊಸದಾಗಿ ನೋಂದಣಿ ಮಾಡಿಸಲು ಹೋಗಿ ಎಡವುವವರೇ ಹೆಚ್ಚು. ಬೆರಳಚ್ಚು ಹಳೆಯದಕ್ಕೆ ತಾಳೆಯಾಗಿ ಅರ್ಜಿ ತಿರಸ್ಕೃತವಾಗುತ್ತದೆ, ಕಾದ ದಿನಗಳು ವ್ಯರ್ಥ. 1947ಕ್ಕೆ ಕರೆಮಾಡಿ, ಇಲ್ಲವೇ ಆಧಾರ್ ಸೇವಾ ಕೇಂದ್ರಕ್ಕೆ ಹೋಗಿ ಹಳೆಯ ಸಂಖ್ಯೆಯನ್ನು ಹುಡುಕಿಸಿ. ಗಾರೆ ಕೆಲಸದಲ್ಲಿ ಬೆರಳು ಸವೆದಿದ್ದರೆ ಕಣ್ಣಿನ ಸ್ಕ್ಯಾನ್ ಮಾಡಲು ಹೇಳಿ. ವಿಳಾಸಕ್ಕೆ ದಾಖಲೆಯೇ ಇಲ್ಲದಿದ್ದರೆ ನಿಗದಿತ ನಮೂನೆಯಲ್ಲಿ ಗೆಜೆಟೆಡ್ ಅಧಿಕಾರಿ ಅಥವಾ ಶಾಸಕರು ಸಹಿ ಮಾಡಿ ಮೊಹರು ಹಾಕಿದ ಪತ್ರ ನಡೆಯುತ್ತದೆ. ಮೊಬೈಲ್ ಸಂಖ್ಯೆ ಅವರದ್ದೇ ಕೊಡಿಸಿ. ನಿಮ್ಮದು ಕೊಟ್ಟರೆ ಮುಂದೆ ಪ್ರತಿ ಒಟಿಪಿಗೂ ಅವರು ನಿಮ್ಮನ್ನು ಹುಡುಕಿಕೊಂಡು ಬರಬೇಕಾಗುತ್ತದೆ. ಆಧಾರ್ ಕೈಗೆ ಬಂದ ವಾರವೇ ಜನಧನ್ ಖಾತೆ ತೆರೆಸಿ. ಮತದಾರರ ಪಟ್ಟಿಗೆ ಸೂರಿಲ್ಲದವರೂ ಸೇರಬಹುದು. ನಮೂನೆ 6ರಲ್ಲಿ ಮಲಗುವ ಜಾಗವನ್ನೇ ಬರೆದರೆ ಮತಗಟ್ಟೆ ಅಧಿಕಾರಿ ರಾತ್ರಿ ಬಂದು ಖಚಿತಪಡಿಸಿಕೊಳ್ಳುತ್ತಾರೆ.

ನಗರದ ರಾತ್ರಿ ತಂಗುದಾಣಕ್ಕೆ ಕಳಿಸುವ ಮುನ್ನ ನೀವೇ ಒಮ್ಮೆ ನೋಡಿ ಬನ್ನಿ. ಸಾಮಾನಿಡಲು ಬೀಗವಿರುವ ಜಾಗ ಇದೆಯೇ, ಬಾಗಿಲು ಎಷ್ಟು ಗಂಟೆಗೆ ಹಾಕುತ್ತಾರೆ, ಹೆಂಗಸರಿಗೆ ಬೇರೆ ವ್ಯವಸ್ಥೆ ಇದೆಯೇ ಎಂದು ಕೇಳಿ. ಅಡುಗೆ ಕಂಟ್ರಾಕ್ಟು, ಮಾರುಕಟ್ಟೆಯ ಹಮಾಲಿಯಲ್ಲಿ ನಡುರಾತ್ರಿ ಕೆಲಸ ಮುಗಿಸುವವರು ಅಲ್ಲಿಂದ ವಾಪಸಾಗುವುದು ಹೆಚ್ಚಾಗಿ ಗೇಟಿನ ಸಮಯದಿಂದಲೇ.

ಕುಡಿತದ ವಿಷಯದಲ್ಲಿ ಮಾತ್ರ ತುಂಬಾ ಎಚ್ಚರವಿರಲಿ. ದೇವರ ಮುಂದೆ ಆಣೆ ಹಾಕಿಸಿ ಒಂದೇ ದಿನಕ್ಕೆ ಬಿಡಿಸಬೇಡಿ. ವರ್ಷಗಟ್ಟಲೆ ದಿನವೂ ಕುಡಿದವರು ದಿಢೀರನೆ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಕೈನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಜೀವಕ್ಕೇ ಅಪಾಯವಾಗಬಹುದು. ಮೊದಲು ಸರ್ಕಾರಿ ಆಸ್ಪತ್ರೆ, ಆಣೆ ಆಮೇಲೆ. ಮನಸ್ಸಿನ ಕಾಯಿಲೆಯ ಅನುಮಾನವಿದ್ದರೆ 14416ಕ್ಕೆ ಕರೆಮಾಡಿ. ಅಂಥವರು ದಿಕ್ಕಿಲ್ಲದೆ ಅಲೆಯುತ್ತಿದ್ದರೆ ತಪಾಸಣೆಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುವ ಹೊಣೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಪೊಲೀಸ್ ಠಾಣೆಯದ್ದು.

ಕೆಲಸ ಸಿಕ್ಕ ಮೇಲೂ ಕೋಣೆ ಸಿಗದಿರುವುದು ಅಡ್ವಾನ್ಸಿನ ದೆಸೆಯಿಂದ. ಬಾಡಿಗೆ 4,000 ಇದ್ದು ಐದು ತಿಂಗಳ ಅಡ್ವಾನ್ಸ್ ಕೇಳಿದರೆ 20,000 ರೂಪಾಯಿ ಒಟ್ಟಿಗೆ ಬೇಕು. ಆ ಹಣವನ್ನು ಸಮಿತಿಯೇ ಮಾಲೀಕರಿಗೆ ಕೊಟ್ಟು, ರಸೀದಿ ಸಮಿತಿಯ ಹೆಸರಿನಲ್ಲಿ ಪಡೆಯಲಿ. ಕೋಣೆ ಬಿಟ್ಟಾಗ ಅದು ಮರಳಿ ಬಂದು ಇನ್ನೊಬ್ಬರಿಗೆ ಸಲ್ಲುತ್ತದೆ. ಬಾಡಿಗೆ ಮಾತ್ರ ಅವರ ದುಡಿಮೆಯದ್ದೇ ಆಗಿರಲಿ. ವಾರದ ಬಟವಾಡೆಯ ದಿನವೇ 1,000 ಎತ್ತಿಟ್ಟರೆ ತಿಂಗಳಿಗೆ ಸರಿಹೋಗುತ್ತದೆ.

ಕೋಣೆ ಸೇರಿದ ಮೊದಲ ಕೆಲವು ವಾರ ನಾಜೂಕು. ಜನರ ನಡುವೆ ಮಲಗಿ ಅಭ್ಯಾಸವಾದವರಿಗೆ ಬಾಗಿಲು ಹಾಕಿದ ಕೋಣೆಯ ಮೌನ ತಡೆಯಲಾಗದೆ ಹಳೆಯ ಜಗಲಿಗೇ ಬಂದು ಮಲಗುವುದುಂಟು. ಬೈಯಬೇಡಿ. ಒಪ್ಪಿದರೆ ಒಂದು ಕೆಲಸ ವಹಿಸಿ: ದೀಪದ ಕಂಬ ತೊಳೆಯುವುದು, ಪಂಕ್ತಿಯಲ್ಲಿ ನೀರು ಬಡಿಸುವುದು. ಎಲೆ ಮುಂದೆ ಕೂತಿದ್ದವರು ಬಡಿಸಲು ನಿಂತಾಗ ಜನ ಅವರನ್ನು ಹೆಸರಿಟ್ಟು ಕರೆಯಲು ಶುರುಮಾಡುತ್ತಾರೆ. ಭಜನೆಗೆ ಬಂದರೆ ಮಾತ್ರ ಸಹಾಯ ಎಂಬ ಷರತ್ತು ಬೇಡ, ಬೇರೆ ಧರ್ಮದವರಾದರೆ ಅವರ ಪ್ರಾರ್ಥನೆಯ ಜಾಗ ಎಲ್ಲಿದೆ ಎಂದು ತೋರಿಸಿ.

ಬಾಡಿಗೆ ತಪ್ಪಿದ ತಿಂಗಳು ಅವರು ನಾಚಿಕೆಯಿಂದ ನಿಮ್ಮ ಕಣ್ಣು ತಪ್ಪಿಸುತ್ತಾರೆ. ಎರಡು ವಾರ ಮುಖ ಕಾಣದಿದ್ದರೆ ಕಾಯುತ್ತ ಕೂರದೆ ನೀವೇ ಹೋಗಿ ಬಾಗಿಲು ತಟ್ಟಿ.