ಮರದ ಮಾರ್ಬಲ್ ರನ್: ಕೊಳ್ಳುವ ಮುನ್ನ ಉಗುರಿನಿಂದ ಗೀರಿ ನೋಡಿ

ಮರದ ಹಳಿ, ಬ್ಲಾಕುಗಳನ್ನು ಜೋಡಿಸಿ ಮೇಲಿಂದ ಗೋಲಿ ಉರುಳಿಬಿಡುವ ಆಟಿಕೆಯೇ ಮಾರ್ಬಲ್ ರನ್. ಬಾಕ್ಸಿನ ಮೇಲಿನ ಕೋಟೆಯಂಥ ಚಿತ್ರ ನೋಡಿ ದುಡ್ಡು ಕೊಡುತ್ತಾರೆ. ಮನೆಯಲ್ಲಿ ಕಟ್ಟಿದರೆ ಗೋಲಿ ಎರಡನೇ ತಿರುವಿನಲ್ಲೇ ನಿಂತುಬಿಡುತ್ತದೆ. ಮಗುವಿಗೆ ಕಟ್ಟಲು ಬರುವುದಿಲ್ಲವೆಂದು ಆಟಿಕೆ ಅಟ್ಟ ಸೇರುತ್ತದೆ. ಹೆಚ್ಚಿನ ಸಲ ತಪ್ಪು ಮಗುವಿನದಲ್ಲ, ಅಳತೆಯದು.

ಮೊದಲು ವಯಸ್ಸು. ಮೂರು ತುಂಬದ ಮಗುವಿರುವ ಮನೆಗೆ ಗೋಲಿ ಆಟಿಕೆ ಬೇಡ, ಅಣ್ಣನಿಗೆಂದು ತಂದರೂ ಬೇಡ. ಉಸಿರು ಕಟ್ಟುವ ಅಪಾಯ ಇರುವುದರಿಂದ ಆ ವಯಸ್ಸಿಗೆ 44.5 ಮಿ.ಮೀ.ಗಿಂತ ಸಣ್ಣ ಚೆಂಡು ಸಲ್ಲದು; ಗೋಲಿ ಇರುವುದೇ ಸುಮಾರು 16 ಮಿ.ಮೀ. ಐಎಸ್‌ಐ ಗುರುತನ್ನೂ ನೋಡಿ. 2021ರ ಜನವರಿ 1ರಿಂದ ಆಟಿಕೆಗಳಿಗೆ ಅದು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೆ ವಿನಾಯಿತಿ ಇದೆ.

ಆಮೇಲೆ ಬಗೆ. ಕಂಬಕ್ಕೆ ಹಳಿ ಸಿಕ್ಕಿಸುವುದು ಒಂದು, ಚೌಕ ಬ್ಲಾಕುಗಳನ್ನು ಪೇರಿಸುವುದು ಇನ್ನೊಂದು. ಸ್ವಿಟ್ಜರ್ಲೆಂಡಿನ ಕ್ಯುಬೊರೊ ಎರಡನೆಯ ಬಗೆಯದು: 5 ಸೆಂ.ಮೀ.ನ ಬೀಚ್ ಮರದ ಬ್ಲಾಕು, ಮೇಲೆ ತೋಡು, ಒಳಗೆ ಸುರಂಗ. ನಾಲ್ಕೈದು ವರ್ಷದವರಿಗೆ ಹಳಿ, ಏಳು ದಾಟಿದವರಿಗೆ ಬ್ಲಾಕು. ಮೊದಲೇ ಅಂಟಿಸಿಟ್ಟ ಒಂದೇ ತುಂಡಿನ ಆಟಿಕೆಯಲ್ಲಿ ಕಟ್ಟುವುದಕ್ಕೇ ಏನಿಲ್ಲ, ಕೊಳ್ಳಬೇಡಿ. ಬ್ಲಾಕು ಕೊಳ್ಳುವಾಗ ತೋಡಿರುವ ತುಂಡುಗಳನ್ನಷ್ಟೇ ಎಣಿಸಿ; ಬರೀ ಆಧಾರದ ತುಂಡುಗಳನ್ನು ತುಂಬಿ ಸಂಖ್ಯೆ ಹಿಗ್ಗಿಸುವವರಿದ್ದಾರೆ.

ಈಗ ಎಲ್ಲರೂ ಬಿಟ್ಟುಬಿಡುವ ಕೆಲಸ: ಪರೀಕ್ಷೆ. ಅಂಗಡಿಯಲ್ಲೇ ಬಾಕ್ಸು ಬಿಚ್ಚಿಸಿ. ತೆರೆಯುವುದಿಲ್ಲ ಅಂದರೆ ಬೇರೆ ಅಂಗಡಿ ನೋಡಿ. ಆರಾರು ಬ್ಲಾಕುಗಳ ಎರಡು ಗೋಪುರ ಕಟ್ಟಿ ಪಕ್ಕಪಕ್ಕ ತಾಗಿಸಿ ನಿಲ್ಲಿಸಿ. ಒಂದೊಂದು ಬ್ಲಾಕಿನಲ್ಲಿ ಅರ್ಧ ಮಿ.ಮೀ. ಹೆಚ್ಚು ಕಮ್ಮಿಯಾದರೂ ಮೇಲೆ ಹೋಗುವಷ್ಟರಲ್ಲಿ 3 ಮಿ.ಮೀ. ಆಗಿರುತ್ತದೆ. ಗೋಲಿ ಹೋಗುವ ದಿಕ್ಕಿನಲ್ಲೇ ತೋಡಿನ ಕೂಡಿಕೆಯ ಮೇಲೆ ಉಗುರು ಎಳೆಯಿರಿ. ಉಗುರು ಕೆಳಗಿಳಿದರೆ ತೊಂದರೆಯಿಲ್ಲ, ಗೋಲಿಯೂ ಹಾರಿ ಇಳಿಯುತ್ತದೆ. ಉಗುರಿಗೆ ಮೆಟ್ಟಿಲು ತಡೆದರೆ ನಿಧಾನವಾಗಿ ಬಂದ ಗೋಲಿ ಅಲ್ಲೇ ನಿಲ್ಲುತ್ತದೆ.

ಸುರಂಗವನ್ನು ಮೊಬೈಲ್ ಟಾರ್ಚ್ ಹಾಕಿ ನೋಡಿ. ತಿರುವಿನ ಸುರಂಗವನ್ನು ಎರಡು ಕಡೆಯಿಂದ ಕೊರೆಯುತ್ತಾರೆ. ಎರಡೂ ತೂತು ಸೇರುವ ಮೂಲೆಯಲ್ಲಿ ಸಿಬಿರು ಉಳಿದಿರುತ್ತದೆ. 16 ಮಿ.ಮೀ. ಗೋಲಿಗೆ ತೂತು 18ರಿಂದ 20 ಮಿ.ಮೀ. ಇರಬೇಕು. ಪ್ರತಿ ಬಾಯಿಂದಲೂ ಒಂದೊಂದು ಸಲ ಗೋಲಿ ಬಿಟ್ಟು ನೋಡಿ. ಸಣ್ಣ ಸಿಬಿರಾದರೆ ಪೆನ್ಸಿಲಿಗೆ 180 ನಂಬರಿನ ಪಾಲಿಶ್ ಪೇಪರ್ ಸುತ್ತಿ ಉಜ್ಜಿ, 220ರಲ್ಲಿ ಮುಗಿಸಿ. ಕೊಬ್ಬರಿ ಎಣ್ಣೆ ಸವರಿದರೆ ಜಾರುತ್ತದೆ ಎಂಬ ಉಪಾಯವನ್ನು ಮಾತ್ರ ನಂಬಬೇಡಿ. ಧೂಳು ಅಂಟಿ ತೋಡೆಲ್ಲ ಜಿಡ್ಡಾಗುತ್ತದೆ.

ನಮ್ಮ ಕಡೆ ಇನ್ನೊಂದು ಲೆಕ್ಕವಿದೆ: ಮಳೆ. ಮರ ನಾರಿನ ಉದ್ದಕ್ಕೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಹಳಿಯನ್ನು ಕಂಬಕ್ಕೆ ಸಿಕ್ಕಿಸುವ ಗೂಟ ಬೇಸಿಗೆಯಲ್ಲಿ ಬಿಗಿಯಾಗಿ ಕೂತಿದ್ದರೆ ಆಷಾಢದಲ್ಲಿ ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಕಿತ್ತರೂ ಬರುವುದಿಲ್ಲ. ಮಗು ಎಳೆದ ರಭಸಕ್ಕೆ ಕಂಬವೇ ಸೀಳುತ್ತದೆ. ಕಡೂರು, ಅರಸೀಕೆರೆಯ ಒಣ ಹವೆಯಲ್ಲಿ ಇದೇ ಗೂಟ ಸಡಿಲವಾಗಿ ಅಲ್ಲಾಡುತ್ತದೆ. ಹಾಗಾಗಿ ಮಳೆ ಸೀಮೆಯವರು ಗೂಟ ಕೊಂಚ ಸಡಿಲವಿರುವ ಸೆಟ್ ಕೊಳ್ಳಿ, ಇಲ್ಲವೇ ಗೂಟವೇ ಇಲ್ಲದ ಬ್ಲಾಕು ಕೊಳ್ಳಿ. ಬಿಗಿಯಾದ ಗೂಟಕ್ಕೆ ಒಣ ಮೇಣದಬತ್ತಿ ಉಜ್ಜಿದರೆ ಸಾಕು. ಎಂಡಿಎಫ್ (ಮರದ ನಾರನ್ನು ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ) ಹಳಿಯಂತೂ ಬೇಡವೇ ಬೇಡ. ಅದು ನೀರು ಕುಡಿದು ಅಂಚು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ತೋಟದ ಸಿಲ್ವರ್ ಓಕ್ ತುಂಡಿನಲ್ಲಿ ಬಡಗಿಯಿಂದಲೇ ಮಾಡಿಸುವುದಾದರೆ ಪೂರ್ತಿ ಒಣಗಿದ ಮರವೇ ಆಗಬೇಕು. ಹಸಿ ಮರ ಮುಂದಿನ ಬೇಸಿಗೆಗೆ ಸೊಟ್ಟಗಾಗುತ್ತದೆ.

ಆಟಿಕೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ, ಬಚ್ಚಲೊಲೆ ಪಕ್ಕ ಒಣಗಿಸಿದರೆ ಬಿರುಕು ಬಿಡುತ್ತದೆ. ಬಟ್ಟೆ ಚೀಲದಲ್ಲಿಡಿ. ತೊಳೆಯಬೇಡಿ, ಒಣಬಟ್ಟೆಯಲ್ಲಿ ಒರೆಸಿ.

ಗೋಲಿ ಗಾಜಿನದೇ ಇರಲಿ. ಅದೇ ಗಾತ್ರದ ಉಕ್ಕಿನ ಗುಂಡು ಮೂರು ಪಟ್ಟು ತೂಗುತ್ತದೆ, ಮೆತ್ತನೆಯ ಮರಕ್ಕೆ ಗುಳಿ ಬೀಳಿಸುತ್ತದೆ. ಸಂತೆ ಗೋಲಿ ಒಂದೊಂದೂ ಒಂದೊಂದು ಗಾತ್ರ. ಸೆಟ್ಟಿನ ಅತಿ ಕಿರಿದಾದ ಸುರಂಗದಲ್ಲಿ ಹಾಯಿಸಿ ಆರಿಸಿಕೊಳ್ಳಿ.

ಕಟ್ಟುವಾಗ ನೆಲದ ವಾಟ ಮೊದಲು ನೋಡಿ. ನೀರು ಹೋಗಲೆಂದು ವಾಟ ಕೊಟ್ಟ ಜಗುಲಿಯಲ್ಲಿ ಗೋಪುರ ಒಂದು ಕಡೆ ವಾಲುತ್ತದೆ. 30 ಸೆಂ.ಮೀ. ಹಳಿಗೆ ಒಂದೂವರೆ ಸೆಂ.ಮೀ. ಇಳಿಜಾರಿನಿಂದ ಶುರುಮಾಡಿ. ಅವಸರಕ್ಕೆ ಕಡಿದಾಗಿಸಿದರೆ ಗೋಲಿ ತಿರುವಿನಲ್ಲಿ ಹೊರಗೆ ಹಾರುತ್ತದೆ. ಮುಂದೆ ತುಂಡು ಸೇರಿಸುವ ಯೋಚನೆಯಿದ್ದರೆ ಅದೇ ಕಂಪನಿಯದನ್ನೇ ತನ್ನಿ. ಎರಡು ಕಂಪನಿಯ ತೋಡುಗಳು ಒಂದೇ ಎತ್ತರದಲ್ಲಿ ಕೂಡುವುದು ಅಪರೂಪ.