ಒಂದು ಬೆಳಕಿನ ಚುಕ್ಕೆ, ಭೂಮಿಯ ಎರಡು ಚಲನೆಗಳು

ಭೂಮಿ ತನ್ನ ಅಕ್ಷದ ಸುತ್ತ ತಿರುಗುವ ಅಕ್ಷಭ್ರಮಣ ಮತ್ತು ಸೂರ್ಯನನ್ನು ಸುತ್ತುವ ಪರಿಭ್ರಮಣಗಳ ಬಗ್ಗೆ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಈ ಎರಡು ಚಲನೆಗಳನ್ನು ನಿಂತ ನೆಲದಿಂದಲೇ ಬೇರೆಬೇರೆಯಾಗಿ ಅಳೆದು ನೋಡಬೇಕೆಂಬ ಆಸೆಯಿಂದ, ಒಂದು ಸರಳು, ಸಮತಟ್ಟಾದ ಹಲಗೆ, ರಸಮಟ್ಟ, ತೂಕದ ಗುಂಡು ಹಾಗೂ ನಿಖರವಾದ ಗಡಿಯಾರವನ್ನಿಟ್ಟುಕೊಂಡು ನಾನು ವರ್ಷವಿಡೀ ವೀಕ್ಷಣೆ ನಡೆಸಿದೆ.

ಸೂರ್ಯಬಿಂಬವು ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿಯಷ್ಟು ಅಗಲವಾಗಿರುವುದರಿಂದ ಸರಳಿನ ನೆರಳಿನ ತುದಿ ಮಸುಕಾಗಿರುತ್ತದೆ, ಗುರುತು ಹಾಕಲು ಅದು ಸಾಲದು. ಆದ್ದರಿಂದ ಸರಳಿನ ತುದಿಗೆ ಸಣ್ಣ ರಂಧ್ರವಿರುವ ತಗಡನ್ನು ಅಡ್ಡಲಾಗಿ ಜೋಡಿಸಿ, ರಂಧ್ರದ ನೇರ ಕೆಳಗಿನ ಬಿಂದುವನ್ನು ತೂಕದ ಗುಂಡಿನಿಂದ ಗುರುತಿಸಿಕೊಂಡೆ. ಈಗ ಹಲಗೆಯ ಮೇಲೆ ಬೀಳುವುದು ಬೆಳಕಿನ ಚುಕ್ಕೆ, ಅಂದರೆ ಸೂರ್ಯನದೇ ಬಿಂಬ. ಎರಡು ನಿಮಿಷ ಕಣ್ಣಿಟ್ಟು ನೋಡಿದರೆ ಅದು ತನ್ನ ಅಗಲದಷ್ಟು ದೂರ ಜರುಗಿರುತ್ತದೆ. ಗಂಟೆಗೆ 15 ಡಿಗ್ರಿಯ ಅಕ್ಷಭ್ರಮಣವನ್ನು ಇಷ್ಟು ಹತ್ತಿರದಿಂದ ತೋರಿಸುವ ಬೇರೊಂದು ಉಪಾಯ ನನಗೆ ಗೊತ್ತಿಲ್ಲ.

ಆ ಬಿಂದುವನ್ನೇ ಕೇಂದ್ರವಾಗಿಟ್ಟು ಒಂದು ವೃತ್ತ ಎಳೆದು, ಚುಕ್ಕೆಯು ಪೂರ್ವಾಹ್ನದಲ್ಲಿ ಅದರೊಳಗೆ ಬಂದ ಜಾಗವನ್ನೂ ಅಪರಾಹ್ನದಲ್ಲಿ ಹೊರಟ ಜಾಗವನ್ನೂ ಸೇರಿಸಿದರೆ ಪೂರ್ವ–ಪಶ್ಚಿಮ ರೇಖೆ ಸಿಗುತ್ತದೆ. ಕೇಂದ್ರದ ಮೂಲಕ ಅದಕ್ಕೆ ಲಂಬವಾಗಿ ಎಳೆದದ್ದೇ ಮಧ್ಯಾಹ್ನ ರೇಖೆ. ಈ ಕೆಲಸವನ್ನು ಜೂನ್ ಅಥವಾ ಡಿಸೆಂಬರ್ 21ರ ಆಸುಪಾಸಿನಲ್ಲಿ ಮಾಡುವುದು ಒಳ್ಳೆಯದು, ಏಕೆಂದರೆ ಆಗ ಸೂರ್ಯನ ಉತ್ತರ–ದಕ್ಷಿಣ ಚಲನೆ ಬಹುತೇಕ ನಿಂತಿರುತ್ತದೆ. ಹಗಲು–ರಾತ್ರಿಗಳು ಬಹುತೇಕ ಸಮನಾಗಿರುವ ವಿಷುವದ ದಿನಗಳಲ್ಲಾದರೋ ಅದು ದಿನಕ್ಕೆ ಸುಮಾರು 0.4 ಡಿಗ್ರಿ.

ಮೋಡವಿಲ್ಲದ ದಿನಗಳಲ್ಲೆಲ್ಲ, ಚುಕ್ಕೆಯು ಮಧ್ಯಾಹ್ನ ರೇಖೆಯನ್ನು ದಾಟಿದ ಹೊತ್ತನ್ನೂ ಕೇಂದ್ರದಿಂದ ಅದರ ದೂರವನ್ನೂ ಬರೆದಿಟ್ಟೆ. ದೂರವನ್ನು ರಂಧ್ರದ ಎತ್ತರದಿಂದ ಭಾಗಿಸಿ ಕೋನ ಪಡೆದು, ಜೂನ್ ಮತ್ತು ಡಿಸೆಂಬರ್ ತುದಿಗಳ ಅಂತರವನ್ನು ಅರ್ಧ ಮಾಡಿದಾಗ 23.4 ಡಿಗ್ರಿಗೆ ತೀರ ಸಮೀಪದ ಉತ್ತರ ಬಂತು. ಭೂಮಿಯ ಅಕ್ಷದ ಓರೆಯೆಂದರೆ ಇದೇ. ಋತುಗಳಿಗೆ ಕಾರಣವೂ ಈ ಓರೆಯೇ ಹೊರತು ಸೂರ್ಯನಿಂದ ಇರುವ ದೂರವಲ್ಲ: ಉತ್ತರಾರ್ಧಗೋಳದಲ್ಲಿ ಚಳಿಗಾಲವಿರುವ ಜನವರಿಯ ಆರಂಭದಲ್ಲೇ ಭೂಮಿ ಸೂರ್ಯನಿಗೆ ಅತಿ ಹತ್ತಿರ, ಸುಮಾರು 14.71 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತದೆ. ಜುಲೈ ಆರಂಭದಲ್ಲಿ ಆ ದೂರ 15.21 ಕೋಟಿ.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಹೊತ್ತಿನ ಪಟ್ಟಿ. ವರ್ಷದ ಸರಾಸರಿಗಿಂತ ಚುಕ್ಕೆಯು ಫೆಬ್ರವರಿ ಮಧ್ಯದಲ್ಲಿ ಸುಮಾರು 14 ನಿಮಿಷ ತಡವಾಗಿಯೂ ನವೆಂಬರ್ ಆರಂಭದಲ್ಲಿ ಸುಮಾರು 16 ನಿಮಿಷ ಮುಂಚಿತವಾಗಿಯೂ ರೇಖೆಯನ್ನು ಮುಟ್ಟುತ್ತದೆ. ದೀರ್ಘವೃತ್ತಾಕಾರದ ಕಕ್ಷೆಯಲ್ಲಿ ಭೂಮಿಯ ವೇಗ ಜನವರಿಯಲ್ಲಿ ಸೆಕೆಂಡಿಗೆ 30.3 ಕಿಲೋಮೀಟರ್, ಜುಲೈಯಲ್ಲಿ 29.3, ಇದರೊಂದಿಗೆ ಅಕ್ಷದ ಓರೆಯೂ ಸೇರಿ ಡಿಸೆಂಬರ್ ಕೊನೆಯ ಸೌರ ದಿನವನ್ನು, ಅಂದರೆ ಚುಕ್ಕೆಯು ರೇಖೆಯನ್ನು ಒಮ್ಮೆ ಮುಟ್ಟಿ ಮತ್ತೆ ಮುಟ್ಟುವವರೆಗಿನ ಅವಧಿಯನ್ನು, 24 ಗಂಟೆಗಿಂತ ಸುಮಾರು 30 ಸೆಕೆಂಡು ಹಿಗ್ಗಿಸುತ್ತದೆ. ದಿನವೂ ಗಡಿಯಾರದ ಒಂದೇ ಹೊತ್ತಿಗೆ ಗುರುತು ಹಾಕುತ್ತ ಹೋದರೆ ಆ ಗುರುತುಗಳು ಒಂದು ಕುಣಿಕೆ ದೊಡ್ಡದು, ಇನ್ನೊಂದು ಚಿಕ್ಕದಾದ 8ರ ಆಕಾರ ತಳೆಯುತ್ತವೆ.

ಎರಡು ಚಲನೆಗಳನ್ನು ಪೂರ್ತಿಯಾಗಿ ಬಿಡಿಸಲು ಮಾತ್ರ ಸೂರ್ಯನೊಬ್ಬನೇ ಸಾಲದು, ನಕ್ಷತ್ರವೂ ಬೇಕು. ಅಲುಗದಂತೆ ಬಿಗಿದ ಕಿರಿದಾದ ಕೊಳವೆಯ ಮೂಲಕ ದೂರದ ಗೋಡೆಯೊಂದರ ಅಂಚನ್ನು ನೋಡುತ್ತ, ಪ್ರಕಾಶಮಾನವಾದ ಒಂದೇ ನಕ್ಷತ್ರ ಅದರ ಹಿಂದೆ ಮರೆಯಾಗುವ ಕ್ಷಣವನ್ನು ರಾತ್ರಿರಾತ್ರಿ ಗುರುತಿಸಿದೆ. ಅದು ಪ್ರತಿ ರಾತ್ರಿ 4 ನಿಮಿಷಕ್ಕೆ ತುಸು ಕಡಿಮೆ ಮೊದಲೇ ಮರೆಯಾಗುತ್ತದೆ, ಏಕೆಂದರೆ ನಕ್ಷತ್ರಗಳ ಲೆಕ್ಕದಲ್ಲಿ ಭೂಮಿಯ ಒಂದು ಸುತ್ತಿಗೆ ಬೇಕಾಗುವುದು 23 ಗಂಟೆ 56 ನಿಮಿಷ 4 ಸೆಕೆಂಡು. ಅಷ್ಟರಲ್ಲಿ ಭೂಮಿ ಕಕ್ಷೆಯಲ್ಲಿ ಸುಮಾರು ಒಂದು ಡಿಗ್ರಿ ಮುಂದೆ ಸಾಗಿರುವುದರಿಂದ, ಸೂರ್ಯನನ್ನು ಮತ್ತೆ ಅದೇ ರೇಖೆಗೆ ತರಲು ಅದು ಇನ್ನೂ ಒಂದು ಡಿಗ್ರಿ ತಿರುಗಬೇಕು. ಹೀಗೆ ಉಳಿದ ನಿಮಿಷಗಳೆಲ್ಲ ವರ್ಷದಲ್ಲಿ ಒಂದು ಪೂರ್ಣ ಸುತ್ತಾಗುತ್ತವೆ: 365 ಸೌರ ದಿನಗಳು ಕಳೆಯುವಷ್ಟರಲ್ಲಿ ಭೂಮಿ ನಕ್ಷತ್ರಗಳ ಎದುರು 366 ಬಾರಿ ತಿರುಗಿರುತ್ತದೆ.